ಒಂದು ಸೀಟು, ಎರಡು ಮನೆ

ಬಾಯಿ ತೆರೆದು ಇನ್ನೊಬ್ಬರನ್ನು ಏನಾದರೂ ಕೇಳುವುದೊಂದನ್ನು ಬಿಟ್ಟು ಬೇರೆ ಯಾವ ಕೆಲಸ ಹೇಳಿದರೂ ನಾನು ಮಾಡಬಲ್ಲೆ. ಸುಟ್ಟುಹೋದ ಪಂಪಿನ ಮೋಟರು ಬಿಚ್ಚಿ, ಕರಕಲಾದ ತಂತಿಯನ್ನೆಲ್ಲ ಕಿತ್ತು, ಹೊಸ ತಂತಿ ಸುತ್ತಿ ಮತ್ತೆ ತಿರುಗುವಂತೆ ಮಾಡುವುದು ನನ್ನ ಹೊಟ್ಟೆಪಾಡು. ಅದೇನೂ ಕಷ್ಟವಲ್ಲ, ಮೋಟರಿನ ಜೊತೆ ಮಾತಾಡಬೇಕಾಗಿಲ್ಲ. ಆದರೆ ಮದುವೆಯ ಪಂಕ್ತಿಯಲ್ಲಿ ಬಡಿಸುವವನು ನನ್ನ ಎಲೆಯೊಂದನ್ನೇ ದಾಟಿ ಮುಂದೆ ಹೋದರೆ ‘ಇಲ್ಲಿ ಎಣ್ಣೆಗಾಯಿ ಬಿದ್ದಿಲ್ಲ’ ಅನ್ನಲು ನನಗೆ ನಾಲಿಗೆ ಏಳುವುದಿಲ್ಲ. ಬಸ್ಸಿನಲ್ಲಿ ನನ್ನ ಸ್ಟಾಪು ಬಂದದ್ದನ್ನು ಕಂಡಕ್ಟರು ಮರೆತರೆ ‘ನಿಲ್ಲಸ್ರಿ’ ಅನ್ನಲಾರದೆ ಮುಂದಿನ ಊರಿನಲ್ಲಿ ಇಳಿದು, ಆ ಊರಿನಲ್ಲಿ ಏನೋ ಕೆಲಸವಿದ್ದವನಂತೆ ಒಂದು ಚಹಾ ಕುಡಿದು, ನಡೆದು ವಾಪಸ್ಸು ಬಂದಿದ್ದೇನೆ. ನನ್ನ ಹೆಂಡತಿ ಶೈಲಾ ಇದಕ್ಕೆ ಸೊಕ್ಕು ಅನ್ನುತ್ತಾಳೆ. ನಮ್ಮವ್ವ ಇದಕ್ಕೇ ಮರ್ಯಾದೆ ಅನ್ನುತ್ತಿದ್ದಳು. ಒಂದೇ ರೋಗಕ್ಕೆ ಇಬ್ಬರು ಎರಡು ಹೆಸರಿಟ್ಟದ್ದರಿಂದ ನಾನು ಯಾವ ಔಷಧವನ್ನೂ ತೆಗೆದುಕೊಳ್ಳಲಿಲ್ಲ.

ಇಂಥ ನಾನು ಈ ಸಲ ಸಾಲೆಗಳು ಶುರುವಾದ ಸ್ವಲ್ಪ ದಿನಕ್ಕೇ ಊರೂರು ತಿರುಗಿ, ಕಂಡವರ ಎದುರು ನಿಂತು ಕೇಳಬೇಕಾಗಿ ಬಂತು. ಕೇಳಿದ್ದು ಸಾಲವಲ್ಲ, ನೌಕರಿಯಲ್ಲ. ನನ್ನ ಮಗಳು ನೀಲಾಳಿಗೆ ಗೋಕಾಕದ ಒಂದು ಸರಕಾರಿ ಸಾಲೆಯಲ್ಲಿ ಒಂದನೇ ತರಗತಿಯ ಒಂದು ಸೀಟು.

ಮೊದಲು ನಮ್ಮ ಮನೆಯ ವಿಷಯ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಸೀಟಿನ ವಿಷಯ ತಿಳಿಯುವುದಿಲ್ಲ. ಗೋಕಾಕದ ಹಳೇ ಪೇಟೆಯ ಒಂದು ಓಣಿಯಲ್ಲಿ ನಮ್ಮದು ರೈಲಿನ ಡಬ್ಬಿಯಂಥ ಉದ್ದನೆಯ ಮನೆ. ಮುಂದೆ ಅಣ್ಣನ ಕಿರಾಣಿ ಅಂಗಡಿ, ಹಿಂದೆ ಅಡುಗೆಮನೆ, ನಟ್ಟನಡುವೆ ಅವ್ವನ ಮಂಚ. ಅಣ್ಣ ನನಗಿಂತ ಬಹಳ ದೊಡ್ಡವನು, ನನಗಿಂತ ಕಡಿಮೆ ಮಾತಿನವನು. ನಾವಿಬ್ಬರೂ ಹುಟ್ಟಿದಾಗಿನಿಂದ ಒಂದೇ ಸೂರಿನಡಿ ಇದ್ದರೂ ನೇರವಾಗಿ ಮಾತಾಡಿದ್ದು ಕಡಿಮೆ. ಎಲ್ಲ ಮಾತೂ ಅವ್ವನ ಮಂಚದ ಮೇಲಿಂದಲೇ ಹಾದುಹೋಗುತ್ತಿತ್ತು. ‘ಬಸು, ನಿಮ್ಮ ಅಣ್ಣ ಕೇಳಾಕತ್ತಾನ, ಅಂಗಡ್ಯಾಗಿನ ಫ್ಯಾನ್ ಯಾಕ ತಿರುಗವಲ್ದು ಅಂತ’ ಅನ್ನುತ್ತಿದ್ದಳು. ಅಣ್ಣ ಅಲ್ಲೇ ಎರಡು ಮಾರು ದೂರದಲ್ಲಿ ಕೂತಿರುತ್ತಿದ್ದ. ‘ಸಂಜಿಕೆ ನೋಡ್ತೀನಿ ಅಂತ ಹೇಳ’ ಅಂತ ನಾನು ಅವ್ವನಿಗೆ ಹೇಳುತ್ತಿದ್ದೆ. ಅವಳು ಅದನ್ನು ಅಣ್ಣನಿಗೆ ಹೇಳುತ್ತಿದ್ದಳು, ಅವನು ಮೊದಲ ಸಲ ಕೇಳಿದವನಂತೆ ತಲೆಯಾಡಿಸುತ್ತಿದ್ದ. ಹೊಸದಾಗಿ ಮದುವೆಯಾಗಿ ಬಂದ ಶೈಲಾ ನಮ್ಮಿಬ್ಬರ ನಡುವೆ ದೊಡ್ಡ ಜಗಳವಾಗಿದೆ ಅಂದುಕೊಂಡು ತಿಂಗಳುಗಟ್ಟಲೆ ಹೆದರಿಕೊಂಡಿದ್ದಳು.

ಹೋದ ವರ್ಷ ಅವ್ವ ತೀರಿಕೊಂಡಳು. ಹಾಸಿಗೆ ಹಿಡಿದು ಯಾರನ್ನೂ ಕಾಡಲಿಲ್ಲ. ಮಧ್ಯಾಹ್ನ ಊಟ ಮಾಡಿ ಮಲಗಿದವಳು ಚಹಾಕ್ಕೆ ಏಳಲಿಲ್ಲ. ಜನ ಪುಣ್ಯವಂತೆ ಅಂದರು. ಆದರೆ ಅವಳ ಹಿಂದೆ ಉಳಿದ ಪಾಪಿಗಳಿಗೆ ಮಾತಾಡುವ ದಾರಿಯೇ ಇಲ್ಲವಾಯಿತು. ಅಣ್ಣನೂ ನಾನೂ ಎದುರುಬದುರು ಕೂತು, ರೊಟ್ಟಿ ಮುರಿಯುವ ಸಪ್ಪಳವನ್ನಷ್ಟೇ ಮಾಡುತ್ತ ಉಣ್ಣತೊಡಗಿದೆವು. ಹೀಗಿರುವಾಗ ನನ್ನ ಅಂಗಡಿಯಿರುವ ಘಟಪ್ರಭಾದಲ್ಲಿ, ಕಲ್ಲೋಳಿಯ ಒಬ್ಬ ಗಿರಾಕಿಗಾಗಿ ನಾನು ಬಾಡಿಗೆ ಮನೆ ವಿಚಾರಿಸಿದ್ದು ಯಾರಿಂದಲೋ ಅಣ್ಣನ ಕಿವಿಗೆ ಬಿತ್ತು. ಅಣ್ಣ ತನ್ನ ಅಂಗಡಿಯ ಬೆಲ್ಲದ ಪೆಂಟಿ ಇಡಲು ಜಾಗ ಹುಡುಕುತ್ತಿರುವುದು ಯಾರಿಂದಲೋ ನನ್ನ ಕಿವಿಗೆ ಬಿತ್ತು. ತಮ್ಮ ಬೇರೆ ಹೋಗಬೇಕೆಂದಿದ್ದಾನೆ ಅಂತ ಅವನು ತಿಳಿದ. ಅಣ್ಣನಿಗೆ ನಾವು ಮಲಗುವ ಖೋಲಿ ಬೇಕಾಗಿದೆ ಅಂತ ನಾನು ತಿಳಿದೆ. ಒಬ್ಬರ ಮನಸ್ಸು ಒಬ್ಬರು ನೋಯಿಸಬಾರದೆಂದು, ಒಬ್ಬರಿಗೊಬ್ಬರು ಅನುಕೂಲ ಮಾಡಿಕೊಡುತ್ತ, ಬಹಳ ಮರ್ಯಾದೆಯಿಂದ ನಾವು ಬೇರೆಯಾದೆವು.

ಸಾಮಾನು ಸಾಗಿಸುವ ದಿನ ಅಣ್ಣನೇ ಟೆಂಪೋಕ್ಕೆ ಹಗ್ಗ ಬಿಗಿದ. ‘ಗಟ್ಟಿ ಐತೇನು?’ ಅಂದ. ‘ಐತಿ’ ಅಂದೆ. ಹೋಗಬ್ಯಾಡ ಅನ್ನುತ್ತಾನೇನೋ ಅಂತ ನಾನು ಹಗ್ಗದ ಗಂಟನ್ನು ಇನ್ನೊಮ್ಮೆ ಬಿಚ್ಚಿ ಕಟ್ಟಿದೆ. ಅವನು ‘ಈಗ ಛಲೋ ಆತು’ ಅಂದ.

ಘಟಪ್ರಭಾದ ನಮ್ಮ ಹೊಸ ಮನೆ ಚೆನ್ನಾಗಿಯೇ ಇತ್ತು. ಶೈಲಾಳಿಗೆ ತನ್ನದೇ ಅಡುಗೆಮನೆ ಸಿಕ್ಕಿತು, ನೀಲಾಳಿಗೆ ಅಂತ ಒಂದು ಪುಟ್ಟ ಖೋಲಿ ಸಿಕ್ಕಿತು. ನೀಲಾಳಿಗೆ ಸಿಗದೆ ಹೋದದ್ದು ದಾನು. ದಾನು ಅಂದರೆ ದಾನೇಶ್ವರಿ, ಅಣ್ಣನ ಮಗಳು. ಬಹಳ ವರ್ಷ ಮಕ್ಕಳಿಲ್ಲದ ಅಣ್ಣ-ವೈನಿಗೆ ಹುಟ್ಟಿದ ಕೂಸು. ಅದೇ ವರ್ಷ ನೀಲಾ ಹುಟ್ಟಿದಳು. ಎರಡೂ ಒಂದೇ ತೊಟ್ಟಿಲಲ್ಲಿ ಸರದಿಯ ಮೇಲೆ ಮಲಗಿ, ಒಂದೇ ಅಂಗನವಾಡಿಗೆ ಕೈ ಹಿಡಿದುಕೊಂಡು ಹೋದವು. ನೀಲಾಳಿಗೆ ಉಗ್ಗು ಇದೆ. ಮಾತು ಬಾಯಿಯ ತುದಿಗೆ ಬಂದು, ಬಾಗಿಲಲ್ಲಿ ಸಿಕ್ಕಿಕೊಂಡ ಮಂಚದ ಹಾಗೆ ಆಚೆಗೂ ಬಾರದೆ ಈಚೆಗೂ ಹೋಗದೆ ನಿಂತುಬಿಡುತ್ತದೆ. ಬೆಳಗಾವಿಯ ಡಾಕ್ಟರರು ‘ದೊಡ್ಡಾಕಿ ಆದಂಗ ಕಡಿಮಿ ಆಗತೈತಿ, ಅವಸರ ಮಾಡಬ್ಯಾಡ್ರಿ’ ಅಂದಿದ್ದರು. ಅಲ್ಲಿಯವರೆಗೆ ಅವಳ ಮಾತನ್ನೆಲ್ಲ ದಾನು ಆಡುತ್ತಿದ್ದಳು. ‘ನೀಲಾಗ ನೀರ ಬೇಕಂತರೀ’, ‘ನೀಲಾ ಹೋಗಿ ಬರತಾಳಂತರೀ’ ಅಂತ. ನಮಗೆ ಯಾರಿಗೂ ಇದರಲ್ಲಿ ವಿಶೇಷ ಕಾಣಲಿಲ್ಲ. ಆ ಮನೆಯ ಪದ್ಧತಿಯೇ ಅದು.

ಘಟಪ್ರಭಾದಲ್ಲಿ ಮನೆಯ ಹತ್ತಿರದ ಸಾಲೆಗೆ ಕಳಿಸಿದೆವು. ಅಲ್ಲಿ ಕಲಿಸುವ ಅಕ್ಕೋರು ಒಳ್ಳೆಯವರು, ಆದರೆ ಅವರ ಮುಂದೆ ಕೂತ ಮಕ್ಕಳು ಬಹಳ. ಮೊದಲ ದಿನ ಹೆಸರು ಕೇಳಿದಾಗ ನಮ್ಮ ಹುಡುಗಿ ‘ನೀ... ನೀ... ನೀ...’ ಅಂತ ಅಲ್ಲೇ ನಿಂತಳಂತೆ. ಮಕ್ಕಳು ನಕ್ಕವು. ಸಂಜೆ ಮನೆಗೆ ಬಂದು, ಸಾಲೆಯಲ್ಲಿ ತನಗೆ ‘ನೀನೀ’ ಅಂತ ಹೊಸ ಹೆಸರು ಇಟ್ಟಿದ್ದಾರೆಂದು ನಗುತ್ತ ಹೇಳಿದಳು. ಹೆಸರಿಟ್ಟದ್ದು ಪ್ರೀತಿಯಿಂದ ಅಲ್ಲ ಅಂತ ಅವಳಿಗೆ ತಿಳಿಯಲು ಬಹಳ ದಿನ ಬೇಕಾಗಲಿಲ್ಲ. ಆಮೇಲೆ ಅವಳು ಸಾಲೆಯಲ್ಲಿ ಬಾಯಿ ತೆರೆಯುವುದನ್ನೇ ಬಿಟ್ಟಳು. ಹೊರಗೆ ಹೋಗಿ ಬರುತ್ತೇನೆ ಅಂತ ಕೇಳಲೂ ಇಲ್ಲ. ಒಂದು ಮಧ್ಯಾಹ್ನ ಒದ್ದೆ ಸ್ಕರ್ಟಿನಲ್ಲಿ ಮನೆಗೆ ಬಂದು, ಯಾರಿಗೂ ಹೇಳದೆ ಬಚ್ಚಲಿಗೆ ಹೋಗಿ, ತಾನೇ ಅದನ್ನು ಹಿಂಡಿ ಒಣಹಾಕಲು ತುದಿಗಾಲಲ್ಲಿ ನಿಂತು ತಂತಿಗೆ ಕೈ ಚಾಚುತ್ತಿದ್ದಳಂತೆ. ಶೈಲಾ ಅದನ್ನು ನೋಡಿ ನನಗೆ ಫೋನು ಮಾಡಿದಳು. ಅಳುತ್ತಲೇ ಎಲ್ಲ ಹೇಳಿದಳು. ನಾನು ಕೈಯಲ್ಲಿದ್ದ ಮೋಟರಿಗೆ ಉಲ್ಟಾ ಕನೆಕ್ಷನ್ ಕೊಟ್ಟೆ.

ದಾನು ಹೋಗುವ ಸಾಲೆಯಲ್ಲಿ, ದಾನುವಿನ ಪಕ್ಕದಲ್ಲಿ, ನೀಲಾಳಿಗೂ ಒಂದು ಜಾಗ ಸಿಗಬೇಕು ಅಂತ ಅಂದೇ ಗಟ್ಟಿ ಮಾಡಿಕೊಂಡೆವು. ಗೋಕಾಕದ ಆ ಸಾಲೆಗೆ ಒಳ್ಳೆಯ ಹೆಸರು. ಇಂಗ್ಲಿಷ್ ಮಾಧ್ಯಮವೂ ಬಂದ ಮೇಲೆ ಸುತ್ತಲಿನ ಹಳ್ಳಿಯವರೂ ಅದಕ್ಕೇ ಮುಗಿಬೀಳುತ್ತಿದ್ದರು. ಹೀಗಾಗಿ ಮೊದಲು ಸುತ್ತಮುತ್ತಲ ಓಣಿಗಳ ಮಕ್ಕಳಿಗೆ, ಉಳಿದರೆ ಹೊರಗಿನವರಿಗೆ ಅಂತ ಅವರು ನಿಯಮ ಮಾಡಿಕೊಂಡಿದ್ದರು. ಸಾಲೆಯ ಮುಖ್ಯಸ್ಥರಾದ ದೊಡ್ಡ ಅಕ್ಕೋರು ಮೆತ್ತಗೆ ಮಾತಾಡುವ ಹೆಂಗಸು. ನಾನು ಅವರ ಟೇಬಲ್ಲಿನ ಮುಂದೆ ನಿಂತು ಹವಾಮಾನದಿಂದ ಶುರುಮಾಡಿ, ಅವರ ಖೋಲಿಯ ಫ್ಯಾನಿನ ಸಪ್ಪಳಕ್ಕೆ ಬಂದು, ಅದರ ಬೇರಿಂಗ್ ಹೋಗಿದೆ ಅಂತ ಹೇಳಿ, ಕೊನೆಗೆ ಅವರೇ ‘ನೀವು ಬಂದ ಕೆಲಸಾ ಹೇಳ್ರಿ’ ಅಂದ ಮೇಲೆ ಹೇಳಿದೆ.

‘ನಿಮ್ಮ ಮನಿ ಈಗ ಘಟಪ್ರಭಾದಾಗ ಐತಿ. ಅಲ್ಲಿ ಸಾಲಿ ಇಲ್ಲೇನ್ರಿ? ಇಲ್ಲಿ ಬಾಜೂ ಓಣಿ ಮಕ್ಕಳಿಗೇ ಜಾಗಾ ಸಾಲವಲ್ದು. ನಿಮ್ಮ ಕೂಸಿನ್ನ ಕುಂದರಿಸಿದ್ರ, ನಡಕೊಂಡ ಬರೋ ಇನ್ನೊಂದು ಕೂಸಿನ್ನ ಹೊರಗ ಹಾಕಬೇಕಾಗತೈತಿ. ಯಾರ ಕೂಸಿನ್ನ ಹಾಕಲಿ, ನೀವ ಹೇಳ್ರಿ.’

ಫ್ಯಾನಿಗೆ ಬೇರಿಂಗ್ ಹಾಕಿಸಲು ಮಾತ್ರ ಇನ್ನೊಮ್ಮೆ ಹೇಳಿ ಹೊರಬಿದ್ದೆ.

ಈ ಅಕ್ಕೋರಿಗೆ ಕಲಿಸಿದ ಮಾಸ್ತರರೊಬ್ಬರು ಮೂಡಲಗಿಯಲ್ಲಿದ್ದಾರೆ, ಅವರ ಮಾತನ್ನು ಆಕೆ ದಾಟುವುದಿಲ್ಲ ಅಂತ ನನ್ನ ಕಲ್ಲೋಳಿಯ ಗಿರಾಕಿ ಹೇಳಿದ. ಬೈಕು ಹತ್ತಿ ಮೂಡಲಗಿಗೆ ಹೋದೆ. ಬೈಕಿಗೆ ನನ್ನ ಹತ್ಯಾರಗಳ ಚೀಲ ನೇತುಹಾಕಿದ್ದೆ. ಬಾಗಿಲು ತೆರೆದ ಮಾಸ್ತರರು ಚೀಲ ನೋಡಿದ್ದೇ ‘ಬಂದ್ರೇನ್ರಿ! ಮುಂಜಾನಿಂದ ದಾರಿ ನೋಡಾಕತ್ತೇನಿ, ಹಿಂದ ಬರ್ರಿ’ ಅಂತ ಹಿತ್ತಲಿಗೆ ಕರೆದುಕೊಂಡು ಹೋದರು. ಅವರ ಬೋರಿನ ಮೋಟರು ಕೆಟ್ಟು, ಯಾರಿಗೋ ಫೋನು ಮಾಡಿ ಕಾಯುತ್ತಿದ್ದರು. ಆ ಯಾರೋ ನಾನಲ್ಲ ಅಂತ ಹೇಳಬೇಕಾಗಿತ್ತು. ಹೇಳಲಾರದೆ ಮಧ್ಯಾಹ್ನವೆಲ್ಲ ಕೂತು ಅದನ್ನು ಸರಿಮಾಡಿದೆ. ನೀರು ಬಂದ ಮೇಲೆ ಮಾಸ್ತರರು ಸಂತೋಷದಿಂದ ಚಹಾ ಕೊಟ್ಟು, ‘ಘಟಪ್ರಭಾದಿಂದ ಬಂದೀರಿ? ನಾ ಫೋನ್ ಮಾಡಿದಾಂವ ಇಲ್ಲೇ ಮೂಡಲಗ್ಯಾಂವಲ್ಲಾ?’ ಅಂತ ಅನುಮಾನದಿಂದ ನೋಡಿದರು. ಆಗ ಎಲ್ಲ ಹೇಳಿದೆ.

ಅವರು ಬಹಳ ಹೊತ್ತು ನಕ್ಕರು. ನಗು ನಿಂತ ಮೇಲೆ ಮುಖ ಸಣ್ಣದು ಮಾಡಿಕೊಂಡರು. ‘ಯಾರ ವಶೀಲಿನೂ ಕೇಳಬ್ಯಾಡಾ, ನ್ಯಾಯ ಕಂಡಂಗ ಮಾಡ ಅಂತ ಆಕಿಗೆ ಕಲಿಸಿದಾಂವ ನಾನ. ಈಗ ನಾನ ಹೋಗಿ ನನ್ನ ವಶೀಲಿ ಕೇಳ ಅಂದ್ರ ಹೆಂಗ್ರಿ? ಆದ್ರ ಆಕಿ ಕಲ್ಲಲ್ಲ. ಆಕಿ ನೋಡೂದು ಒಂದ: ಕೂಸು ಖರೇನ ಆ ಓಣ್ಯಾಗ ಇರತೈತೋ ಇಲ್ಲೋ ಅಂತ. ಅಲ್ಲೇ ನಿಮ್ಮ ಅಣ್ಣ ಅದಾರಲ್ಲ?’

ಅಣ್ಣ ಇದ್ದಾನೆ ಅನ್ನುವುದೇ ನನ್ನ ಕಷ್ಟ ಅಂತ ಅವರಿಗೆ ಹೇಳಲಿಲ್ಲ.

ಅಣ್ಣನ ಹತ್ತಿರ ಹೋಗುವುದನ್ನು ತಪ್ಪಿಸಿಕೊಳ್ಳಲು ಇನ್ನೊಂದು ದಾರಿಯನ್ನೂ ನೋಡಿದೆ. ಹುಕ್ಕೇರಿ ತಾಲೂಕಿನ ಬೆಲ್ಲದ ಬಾಗೇವಾಡಿ ಶೈಲಾಳ ತವರು. ನಮ್ಮತ್ತೆ ‘ಇಲ್ಲೇ ಬಿಟ್ಟ ಹೋಗ್ರಿ. ಸಾಲಿ ಮನಿ ಎದುರಿಗೇ ಐತಿ, ನಾ ಕಟ್ಟಿ ಮ್ಯಾಲ ಕುಂತ ನೋಡ್ಕೊಂತೀನಿ’ ಅಂದರು. ನನಗೆ ಅದು ಒಪ್ಪಿಗೆಯಾಯಿತು. ಶೈಲಾ ತಾಯಿಯ ಮೇಲೆ ಹರಿಹಾಯ್ದಳು: ‘ಕೂಸಿನ್ನ ಬಿಟ್ಟ ಇರಾಕ ನಾ ಏನ ಸತ್ತೇನೇನವಾ?’ ಅಲ್ಲಿಗೆ ಹುಕ್ಕೇರಿ ತಾಲೂಕಿನ ದಾರಿ ಮುಚ್ಚಿತು.

ಉಳಿದದ್ದು ಅಣ್ಣನ ಅಂಗಡಿ. ಹೋಗಿ ನಿಂತೆ. ಅಣ್ಣ ನೋಡಿದ. ನಾನು ಸಕ್ಕರೆ ಬೇಕು ಅಂದೆ. ತೂಗಿ ಕೊಟ್ಟ, ನನ್ನ ಮುಖ ನೋಡಿದ. ಚಹಾಪುಡಿ ಅಂದೆ. ಕೊಟ್ಟ. ಸಾಬೂನು, ಕಡ್ಡಿಪೆಟ್ಟಿಗೆ, ಉದಿನಕಡ್ಡಿ, ಹುಣಸೆಹಣ್ಣು. ಅಣ್ಣ ಒಂದೊಂದನ್ನೇ ತಂದಿಟ್ಟು ಒಂದೊಂದು ಸಲವೂ ನಿಂತು ಕಾದ. ಕೌಂಟರಿನ ಮೇಲೆ ನಮ್ಮಿಬ್ಬರ ನಡುವೆ ಸಾಮಾನಿನ ಒಂದು ಗೋಡೆಯೇ ಎದ್ದಿತು. ನಾನು ಇನ್ನೇನು ಇಲಿಪಾಷಾಣ ಕೇಳಬೇಕು ಅನ್ನುವಷ್ಟರಲ್ಲಿ ಅಣ್ಣನೇ ಬಾಯಿ ತೆರೆದ.

‘ನೀಲಾ ಹೆಂಗದಾಳ?’

ಹಗ್ಗದ ಗಂಟಿನ ಮಾತು ಬಿಟ್ಟರೆ, ಅವ್ವ ಹೋದ ಮೇಲೆ ಅವನಾಗಿ ಕೇಳಿದ ಮೊದಲ ಮಾತು ಅದು. ನಾನು ‘ಛಲೋ ಅದಾಳ’ ಅನ್ನಲು ಹೋದೆ. ಅದರ ಬದಲು ಒದ್ದೆ ಸ್ಕರ್ಟಿನಿಂದ ಶುರುಮಾಡಿ ಎಲ್ಲವನ್ನೂ ಹೇಳಿದೆ. ಅಣ್ಣ ಹುಣಸೆಹಣ್ಣಿನ ಪೊಟ್ಟಣದ ದಾರವನ್ನು ಸುತ್ತಿದ್ದನ್ನೇ ಸುತ್ತುತ್ತ ಕೇಳಿದ. ಒಳಗಿನ ಬಾಗಿಲಲ್ಲಿ ವೈನಿ ಬಂದು ನಿಂತಿದ್ದಳು.

‘ಇದಕ್ಕ ಇಷ್ಟ ಸಾಮಾನ ತಗೊಂಡಿ?’ ಅಂದಳು ವೈನಿ. ‘ಬಸು, ಆಕಿ ಇಲ್ಲಿಂದ ಹೋಗ್ಯಾಳಂತ ನಾವ ಎಲ್ಲಿ ಅಂದೇವಿ? ಅಕ್ಕೋರಿಗೆ ನಾಳಿನ ಮನಿಗೆ ಬಂದ ನೋಡಾಕ ಹೇಳ.’

ನಮ್ಮ ಯೋಜನೆ ಹೀಗಿತ್ತು: ಮಗು ದೊಡ್ಡಪ್ಪನ ಮನೆಯಲ್ಲಿರುತ್ತದೆ ಅಂತ ಅಕ್ಕೋರಿಗೆ ಹೇಳುವುದು, ದಿನಾ ಬೆಳಗ್ಗೆ ನಾನು ಘಟಪ್ರಭಾದಿಂದ ಬೈಕಿನ ಮೇಲೆ ತಂದು ಬಿಡುವುದು. ಅಂದರೆ ಸಣ್ಣದೊಂದು ಸುಳ್ಳು. ಸುಳ್ಳು ಹೇಳಿ ಅಭ್ಯಾಸವಿಲ್ಲದ ನಾಲ್ಕು ಜನ ಅದಕ್ಕೆ ತಯಾರಿ ನಡೆಸಿದೆವು. ಮಗುವಿನ ಸಾಮಾನು ಅಲ್ಲಲ್ಲಿ ಕಾಣುವಂತೆ ಇಡಬೇಕೆಂದು ಶೈಲಾ ಒಂದು ಚೀಲದ ತುಂಬ ಬಟ್ಟೆ, ಆಟಿಗೆ ತಂದಿದ್ದಳು. ಒಳಗೆ ಬಂದು ನೋಡಿದರೆ ನೀಲಾಳ ಹಳೆಯ ಫ್ರಾಕು ಗೂಟಕ್ಕೆ ತೂಗುತ್ತಿತ್ತು. ಅವಳ ತಟ್ಟೆ ದಾನುವಿನ ತಟ್ಟೆಯ ಮೇಲೆ ಬೋರಲಾಗಿತ್ತು. ಅವಳು ಗೋಡೆಯ ಮೇಲೆ ಗೀಚಿದ ಕೋಳಿಯನ್ನು ಬಿಟ್ಟು ಸುತ್ತಲೂ ಸುಣ್ಣ ಬಳಿಸಿದ್ದರು. ಶೈಲಾ ಚೀಲವನ್ನು ಬಿಚ್ಚದೆ ಮೂಲೆಯಲ್ಲಿಟ್ಟಳು. ಆ ಮನೆಯಲ್ಲಿ ಹೊಸದಾಗಿ ಹೊಂದಿಸಬೇಕಾದದ್ದು ನಮ್ಮಿಬ್ಬರನ್ನು ಮಾತ್ರ. ನಮ್ಮ ಖೋಲಿಯಲ್ಲಿ ಬೆಲ್ಲದ ಪೆಂಟಿಗಳಿದ್ದವು.

ಸಂಜೆ ಸಾಲೆ ಬಿಟ್ಟ ಮೇಲೆ ದೊಡ್ಡ ಅಕ್ಕೋರು ಬಂದರು. ವೈನಿ ಅವಲಕ್ಕಿ, ಚಹಾ ಕೊಟ್ಟಳು. ಅಣ್ಣ ಎರಡು ಸಲ ‘ಬರ್ರಿ’ ಅಂದ, ಅವರು ಬಂದು ಕೂತ ಮೇಲೂ ಒಂದು ಸಲ ‘ಬರ್ರಿ’ ಅಂದ. ಅಕ್ಕೋರು ನನ್ನ ಕಡೆ ತಿರುಗಿದರು.

‘ಕೂಸು ಖರೇನ ಇಲ್ಲೇ ಇರತೈತೇನ್ರಿ? ಹೆಸರಿಗೆ ಅಂದ್ರ ನಾ ಒಲ್ಲೆ.’

‘ನಾ... ನಾವು...’ ಅಂದೆ. ಮುಂದಿನ ಅಕ್ಷರ ಬರಲಿಲ್ಲ. ಮಗಳ ಉಗ್ಗು ಎಲ್ಲಿಂದ ಬಂತು ಅಂತ ಬೆಳಗಾವಿಯ ಡಾಕ್ಟರರು ಕೇಳಿದ್ದರು. ಆಗ ನನ್ನನ್ನು ಹೀಗೆ ನಿಲ್ಲಿಸಿ ನೋಡಿದ್ದರೆ ತಿಳಿಯುತ್ತಿತ್ತು. ಅಕ್ಕೋರು ನನ್ನನ್ನು ಬಿಟ್ಟು, ಬಾಗಿಲ ಬಳಿ ಕೈಕೈ ಹಿಡಿದು ನಿಂತಿದ್ದ ಹುಡುಗಿಯರನ್ನು ಕರೆದರು.

‘ನಿಮ್ಮ ಮನಿ ಯಾವ್ದವಾ?’ ಅಂತ ನೀಲಾಳನ್ನು ಕೇಳಿದರು.

‘ನೀಲಾನ ಮನಿ ರೀ...’ ಅಂತ ದಾನು ಎಂದಿನಂತೆ ಶುರುಮಾಡಿದಳು. ‘ನೀ ಸುಮ್ನಿರವಾ, ಆಕಿನ್ನ ಕೇಳಾಕತ್ತೇನಿ’ ಅಂದರು ಅಕ್ಕೋರು.

ಶೈಲಾ ಸೆರಗಿನ ತುದಿಯನ್ನು ಮುಷ್ಟಿಯಲ್ಲಿ ಹಿಡಿದಳು. ಮಗು ಏನು ಹೇಳಬೇಕೆಂದು ನಾವು ಹೇಳಿಕೊಟ್ಟಿರಲಿಲ್ಲ. ಹೇಳಿಕೊಟ್ಟರೂ ಬಾಯಿಂದ ಹೊರಗೆ ಬರುವ ಭರವಸೆ ಇರಲಿಲ್ಲ. ನೀಲಾ ಒಮ್ಮೆ ನಮ್ಮನ್ನು ನೋಡಿದಳು, ಒಮ್ಮೆ ಗೋಡೆಯನ್ನು ನೋಡಿದಳು. ಆಮೇಲೆ ಒಂದೇ ಉಸಿರಿಗೆ, ಎಲ್ಲಿಯೂ ತಡವರಿಸದೆ ಹೇಳಿದಳು:

‘ಇದ ನಮ್ಮನಿ ರೀ. ಘಟಪ್ರಭಾಕ್ಕ ಊರಿಗೆ ಹೋಗಿದ್ವಿ.’

ಅಕ್ಕೋರು ನಕ್ಕು ಅವಳ ಕೆನ್ನೆ ತಟ್ಟಿದರು. ‘ಆತು. ನಾಳಿ ಇಬ್ಬರನ್ನೂ ಕರಕೊಂಡ ಬರ್ರಿ’ ಅಂತ ಅಣ್ಣನಿಗೆ ಹೇಳಿ ಎದ್ದರು. ಸೀಟು ಸಿಕ್ಕಿತು. ವೈನಿ ಎಲ್ಲರ ಕೈಗೂ ಸಕ್ಕರೆ ಹಾಕಿದಳು. ಕೂಸು ಅಷ್ಟುದ್ದ ಮಾತನ್ನು ಒಂದೇ ಸಲಕ್ಕೆ ಆಡಿದ್ದಕ್ಕೆ ಖುಷಿಪಡಬೇಕೋ, ಆಡಿದ ಮಾತಿಗೆ ಅಳಬೇಕೋ ತಿಳಿಯದೆ ನಾನು ಕೈಯಲ್ಲಿದ್ದ ಸಕ್ಕರೆಯನ್ನು ಬಹಳ ಹೊತ್ತು ಹಿಡಿದುಕೊಂಡೇ ಇದ್ದೆ. ಅದು ಬೆವರಿಗೆ ಕರಗಿಹೋಯಿತು.

ಹೊರಡುವ ಹೊತ್ತಿಗೆ ನೀಲಾ ಕಾಲು ತೊಳೆದುಕೊಂಡು ದಾನುವಿನ ಪಕ್ಕದಲ್ಲಿ ಉಣ್ಣಲು ಕೂತಾಗಿತ್ತು. ‘ಬಾ’ ಅಂತ ಕರೆಯಲು ನನಗಾಗಲಿಲ್ಲ. ಈ ಸಲ ಶೈಲಾಳಿಗೂ ಆಗಲಿಲ್ಲ. ಬೈಕಿನ ಮೇಲೆ ನಾವಿಬ್ಬರೇ ಬಂದೆವು. ದಿನಾ ನಮ್ಮ ನಡುವೆ ನೀಲಾ ಕೂಡುತ್ತಿದ್ದ ಜಾಗವನ್ನು ಹಾಗೇ ಬಿಟ್ಟು ಶೈಲಾ ಹಿಂದಕ್ಕೆ ಸರಿದು ಕೂತಿದ್ದಳು. ಊರು ದಾಟಿದ ಮೇಲೆ, ‘ಆಕಿ ಖರೇನ ಹೇಳಿದ್ಲು. ಸುಳ್ಳ ಹೇಳಾಕ ಹೋದಾವ್ರು ನಾವ’ ಅಂದಳು. ಆಮೇಲೆ, ‘ಅಕ್ಕೋರಿಗೆ ಹೇಳಿದಂಗ ನಡಕೊಳ್ಳೂಣು. ಸಾಲಿ ಇದ್ದಷ್ಟು ದಿನ ಅಲ್ಲೇ ಇರಲಿ’ ಅಂದಳು. ತವರಿನ ಕಟ್ಟೆಯ ಮೇಲೆ ಕೂತು ತಾಯಿಗೆ ಬೈದವಳು ಇವಳೇನೋ ಅನ್ನಿಸಿತು. ತಿರುಗಿ ನೋಡಲು ಧೈರ್ಯವಾಗಲಿಲ್ಲ, ಬೈಕು ಓಡಿಸಿದೆ.

ಈಗ ಶನಿವಾರ ಮಧ್ಯಾಹ್ನ ನೀಲಾಳನ್ನು ಕರೆತರುತ್ತೇನೆ, ಸೋಮವಾರ ಬೆಳಗ್ಗೆ ಬಿಡುತ್ತೇನೆ. ಉಳಿದ ದಿನ ಶೈಲಾ ತನ್ನ ಸ್ವಂತ ಅಡುಗೆಮನೆಯಲ್ಲಿ ಮೂವರಿಗೆ ರೊಟ್ಟಿ ಬಡಿದು, ಮೂರನೆಯವಳ ರೊಟ್ಟಿಯನ್ನು ಮರುದಿನ ನನ್ನ ಬುತ್ತಿಗೆ ಕಟ್ಟುತ್ತಾಳೆ. ಸಂಜೆ ವೈನಿಗೆ ಫೋನು ಮಾಡುತ್ತಾಳೆ. ಒಂದೇ ಮನೆಯಲ್ಲಿದ್ದಾಗ ಉಪ್ಪಿನ ಡಬ್ಬಿಯ ವಿಷಯಕ್ಕೂ ಮುಖ ಊದಿಸಿಕೊಳ್ಳುತ್ತಿದ್ದ ಇಬ್ಬರೂ ಈಗ ಗಂಟೆಗಟ್ಟಲೆ ಮಾತಾಡುತ್ತಾರೆ. ನೀಲಾ ಸಾಲೆಯಲ್ಲಿ ಹಾಡು ಹೇಳಿದಳಂತೆ. ಹಾಡುವಾಗ ಉಗ್ಗು ಬರಲಿಲ್ಲವಂತೆ. ಮತ್ತೆ ಗೋಕಾಕಕ್ಕೇ ಹೋಗಿಬಿಡಬಾರದೇ ಅಂತ ನೀವು ಕೇಳಬಹುದು. ಬಾ ಅನ್ನಲಿ ಅಂತ ನಾನು ಕಾಯುತ್ತಿದ್ದೇನೆ. ಬಂದರೆ ಬರಲಿ ಅಂತ ಅಣ್ಣ ಕಾಯುತ್ತಿರಬೇಕು. ಇದನ್ನು ಅವನಿಗೆ, ಅದನ್ನು ನನಗೆ ಮುಟ್ಟಿಸುವವಳು ಇಲ್ಲ.

ಮೊನ್ನೆ ಸಾಲೆಯಲ್ಲಿ ಪಾಲಕರ ಸಭೆ ಇತ್ತು. ಅಣ್ಣ ಮಾಲು ತರಲು ಹೋಗಿದ್ದರಿಂದ ನಾನು ಹೋದೆ. ಒಂದನೇ ತರಗತಿಗೆ ಹೊಸದಾಗಿ ಬಂದ ಅಕ್ಕೋರೊಬ್ಬರು, ಹುಡುಗಿಯಂಥ ಚಿಕ್ಕ ವಯಸ್ಸಿನವರು, ‘ನೀವು ನೀಲಾಗ ಏನಾಗಬೇಕ್ರಿ?’ ಅಂತ ಕೇಳಿದರು. ನಾನು ಬಾಯಿ ತೆರೆಯುವಷ್ಟರಲ್ಲಿ ದಾನು ಇಬ್ಬರ ಪರವಾಗಿ, ತನಗೆ ಚಿಕ್ಕಪ್ಪನಾದ ನನ್ನನ್ನು ‘ನಮ್ಮ ಕಾಕಾ ರೀ, ಘಟಪ್ರಭಾದಿಂದ ಬಂದಾನ್ರಿ’ ಅಂದುಬಿಟ್ಟಳು. ನಾನು ನೀಲಾಳ ಕಡೆ ನೋಡಿದೆ. ಅವಳು ನನ್ನ ಬೆರಳು ಹಿಡಿದುಕೊಂಡು, ದಾನು ಆಡಿದ ಎಲ್ಲ ಮಾತಿಗೂ ಮಾಡುವಂತೆ, ಇದಕ್ಕೂ ನಗುತ್ತ ತಲೆಯಾಡಿಸಿದಳು. ಅಕ್ಕೋರು ನನ್ನನ್ನು ಬಹಳ ಮೆಚ್ಚಿಕೊಂಡರು.

‘ಕಾಕಾ ಆಗಿ ಘಟಪ್ರಭಾದಿಂದ ಕೆಲಸಾ ಬಿಟ್ಟ ಬಂದೀರಲ್ಲ, ಛಲೋ ಆತ್ರಿ. ಎಷ್ಟೋ ಮಕ್ಕಳ ಅಪ್ಪಂದಿರ ಬರಂಗಿಲ್ಲ ನೋಡ್ರಿ.’

‘ಹೌದ್ರಿ’ ಅಂದೆ. ಇಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು. ಆದರೆ ಎಂದೂ ಮಾತಾಡದ ನಾನು ಅಂದು ಅಲ್ಲಿಯೇ ನಿಂತು, ಮಕ್ಕಳನ್ನು ಹುಟ್ಟಿಸಿ ಬೇರೆಯವರ ಕೈಗೆ ಒಪ್ಪಿಸಿ ಹಾಯಾಗಿರುವ ಅಪ್ಪಂದಿರ ಬಗ್ಗೆ ಒಂದು ಕಡೆಯೂ ತಡವರಿಸದೆ ಬೈದು ಬಂದೆ.